ನಿಮ್ಮ ರೋಬೋ ಉತ್ಸವದ ದೀಪ, ನಮ್ಮ ಮನೆಯ ಸಾಲಿಗ್ರಾಮ

ಆಸ್ಪತ್ರೆಯ ಮುಖ್ಯಾಧಿಕಾರಿಗಳೇ,

ಮಾನ್ಯರೇ ಎನ್ನಲು ಮನಸ್ಸು ಬರುತ್ತಿಲ್ಲ, ಅಭ್ಯಾಸಬಲದಿಂದ ಅಂದುಬಿಡುತ್ತೇನೆ. ನನ್ನ ಯಜಮಾನರು ನಿಮ್ಮ ಹೊಸ ರೋಬೋ ಆಪರೇಷನ್ ಯಂತ್ರಕ್ಕೆ ಸಿಕ್ಕ ಮೊದಮೊದಲ ರೋಗಿಗಳಲ್ಲಿ ಒಬ್ಬರೆಂಬುದನ್ನು ನೀವು ಮುಚ್ಚಿಟ್ಟಿರಿ. ನಮಗದು ತಿಳಿದದ್ದು ಎರಡು ವರ್ಷದ ಮೇಲೆ, ಈ 2009ರಲ್ಲಿ, ನಿಮ್ಮದೇ ವೇದಿಕೆಯಿಂದ.

ರಾಯಪುರಂನಲ್ಲಿ ಬಂದರಿನ ಕಚೇರಿಯಿಂದ ನಿವೃತ್ತರಾದ ನನ್ನ ಯಜಮಾನರು ಮಧ್ವರಾಜರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದಾಗ ನಿಮ್ಮ ಸಿಬ್ಬಂದಿ ಧೈರ್ಯ ಹೇಳಿದರು: "ಭಯಪ್ಪಡಾದೀಂಗಮ್ಮಾ, ರೋಬೋ ಕೈ ನಡುಂಗಾದು." ರೋಬೋ ಕೈ ನಡುಗದು, ಒಪ್ಪಿದೆ. ಅದನ್ನು ಆಡಿಸುವ ಡಾಕ್ಟರ ಕೈ ಪಳಗಿತ್ತೇ? ಕ್ಯಾನ್ಸರ್ ಹೋಯಿತು, ಉಪಕಾರ ಮರೆತಿಲ್ಲ. ಮೂತ್ರ ಸೋರುವುದು ಮಾತ್ರ ಇಂದಿಗೂ ನಿಂತಿಲ್ಲ. ಮಡಿಯುಟ್ಟು ಪೂಜೆಗೆ ಕೂತರೆ ಅರ್ಚನೆ ಮುಗಿಯುವುದರೊಳಗೆ ಪಂಚೆ ಒದ್ದೆ. ನಮ್ಮಲ್ಲಿ ಹೆಂಗಸರು ಸಾಲಿಗ್ರಾಮ ಮುಟ್ಟುವಂತಿಲ್ಲ. ಕೊನೆಗೆ ಮೈದುನ ವಿಷ್ಣುತೀರ್ಥ ಬಂದು, ಸ್ನಾನ ಮಾಡಿ, ಸಾಲಿಗ್ರಾಮವಿದ್ದ ಮಾವನವರ ಕಾಲದ ದೇವರ ಪೆಟ್ಟಿಗೆಯನ್ನು ತನ್ನ ಮನೆಗೆ ಒಯ್ದ. ಇವರು ವರಾಂಡದಲ್ಲಿ ಗೋಡೆಗೆ ಮುಖಮಾಡಿ ನಿಂತಿದ್ದರು.

ಇಂಥವರನ್ನು ಹೋದ ತಿಂಗಳು "ಸಂಪೂರ್ಣ ಗುಣಮುಖರಾದ ಅತಿಥಿ" ಎಂದು ರೋಬೋ ವಾರ್ಷಿಕೋತ್ಸವಕ್ಕೆ ಕರೆದಿರಿ. ಗಣಪತಿ ಪಟದ ಮುಂದೆ ದೀಪ ಹಚ್ಚಲು ಹೇಳಿದಾಗ ಇವರು ಹಿಂದೆ ಸರಿದು, "ನಂಗೆ ಮಡಿ ಇಲ್ಲಮ್ಮಾ, ವೇಂಡಾಂ" ಎಂದರು. ನಿರೂಪಕಿ ಅದನ್ನು ಸಂಕೋಚ ಅಂದುಕೊಂಡು ನಗುತ್ತಾ ಮೇಣದಬತ್ತಿ ಕೈಗೆ ತುರುಕಿದಳು. ಹಚ್ಚಿದರು, ಒದ್ದೆ ಬಟ್ಟೆಯಲ್ಲೇ.

ಆಮೇಲೆ ನಿಮ್ಮ ಸರ್ಜನ್ ಮೈಕ್ ಹಿಡಿದರು. "ಎರಡು ವರ್ಷದ ಹಿಂದೆ ಮಾಡಿದ ಮೊದಲ ಕೇಸುಗಳಿಂದ ಬಹಳ ಕಲಿತೆವು. ಈಗ ಮೂತ್ರಕೋಶವನ್ನು ಮೂತ್ರನಾಳಕ್ಕೆ ಜೋಡಿಸುವ ಮುಂಚೆ ಹಿಂದುಗಡೆ ಒಂದು ಆಸರೆ ಹೊಲಿಗೆ ಹಾಕುತ್ತೇವೆ. ಸೋರಿಕೆ ಬೇಗ ನಿಲ್ಲುತ್ತದೆ." ಸಭೆ ಚಪ್ಪಾಳೆ ತಟ್ಟಿತು. ನೀವೂ ತಟ್ಟಿದಿರಿ! ದಿನವೂ ಆ ಬಟ್ಟೆ ಒಗೆಯುವ ನನಗೆ ಹೇಸಿಗೆ ಹುಟ್ಟಿಸಿದ್ದು ಆ ಚಪ್ಪಾಳೆ.

ಯಾರದೋ ಮೈಮೇಲೆ ಕಲಿಯದೆ ವೈದ್ಯವಿದ್ಯೆ ಬೆಳೆಯದು ಎಂಬಷ್ಟು ಬುದ್ಧಿ ನನಗೂ ಇದೆ. ಆ ಯಾರೋ ಯಾರೆಂದು ಅವರಿಗೇ ಹೇಳಬಾರದೆಂದು ಯಾವ ಶಾಸ್ತ್ರದಲ್ಲಿದೆ? ಆಟೋದಲ್ಲಿ ಇವರು ಅಂದದ್ದಿಷ್ಟೇ: "ಅವ್ರು ಕಲ್ತದ್ದು ಸಂತೋಷವೇ ಜಯಾ. ನನ್ನ ಒಂದ್ ವಾರ್ತೆ, ಒಂದ್ ಮಾತು ಕೇಳಬಾರದಾಗಿತ್ತಾ? ಸರಿ ಅಂತಿದ್ದೆನೋ ಏನೋ."

ಇನ್ನು ಮುಂದೆ ಯಾರನ್ನಾದರೂ ಆ ಮೇಜಿನ ಮೇಲೆ ಮಲಗಿಸುವ ಮೊದಲು, ಸರ್ಜನ್ನೇ ಎದುರು ಕೂತು ತನ್ನ ಕೈ ಎಷ್ಟು ಪಳಗಿದೆ, ರೋಗಿ ಏನು ಕಳೆದುಕೊಳ್ಳಬಹುದು ಎಂದು ಬಾಯಿಬಿಟ್ಟು ಹೇಳಬೇಕು. ಜೊತೆಗೆ, ಇವರು ದೀಪ ಹಚ್ಚುತ್ತಿರುವುದೆಂದು ನಿಮ್ಮ ಬಾಗಿಲ ಮೇಲೆ ತೂಗುಹಾಕಿರುವ ಆ ದೊಡ್ಡ ಫೋಟೋವನ್ನು ಇಳಿಸಿ. ಮೊನ್ನೆ ತಪಾಸಣೆಗೆ ಬಂದಾಗ ಇವರು ಅದರ ಕೆಳಗೆ ತಲೆ ತಗ್ಗಿಸಿಕೊಂಡು ಹೋದರು.

ಇಂತಿ,
ದೇವರಿಲ್ಲದ ದೇವರಮನೆಯನ್ನು ಈಗಲೂ ದಿನಾ ಸಾರಿಸುವ
ಜಯಲಕ್ಷ್ಮೀ ಮಧ್ವರಾಜ
ರಾಯಪುರಂ, ಚೆನ್ನೈ