ಹದಿನೇಳು ಒಂದುಗಳು

ಲೆಮ್ಮರ್,
೧೪ ಏಪ್ರಿಲ್ ೧೮೮೫

ಪ್ರೀತಿಯ ಹಿಸ್ಕೆ ಅಕ್ಕಾ,

ನಿನ್ನ ಕೆಮ್ಮು ಇಳಿಯಿತೇ? ಆಮ್‌ಸ್ಟರ್‌ಡ್ಯಾಮಿನ ಕಾಲುವೆಯ ನಾತಕ್ಕೆ ಕಿಟಕಿ ಮುಚ್ಚಿ ಮಲಗು ಎಂದರೆ ನೀನು ಕೇಳುವವಳಲ್ಲ. ಇಲ್ಲಿ ನಾವಿಬ್ಬರೂ ಗುಂಡುಕಲ್ಲಿನ ಹಾಗಿದ್ದೇವೆ. ಅಪ್ಪನ ಕಣ್ಣು ಮಾತ್ರ ಮಂಜಾಗಿದೆ. ಮೂರೂ ಎಂಟೂ ಒಂದೇ ತರಹ ಕಾಣುತ್ತವಂತೆ.

ನಿನ್ನ ಶಾಲೆಯಲ್ಲಿ ಖಾಲಿಯಿರುವ ಕೆಲಸದ ವಿಷಯ ಎತ್ತಿದೆ. ಅಪ್ಪ ಸಿಟ್ಟಾಗಲಿಲ್ಲ. "ಹೋಗು ಮಗಳೇ, ಯಾರು ಬೇಡ ಅಂದ್ರು? ಇದೊಂದು ಮುಗೀಲಿ" ಎಂದರು. ಇದೊಂದು ಎಂದರೆ ಅದೇ, ಸಾಲಾಗಿ ಹದಿನೇಳು ಒಂದುಗಳ ಸಂಖ್ಯೆ. ಅದು ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದು ಎಂದು ಗಣಿತ ಸಂಘದ ಎದುರು ಹೇಳಿಬಿಟ್ಟಿದ್ದಾರಲ್ಲ. ಮೂವತ್ತನಾಲ್ಕರಿಂದ ಭಾಗಿಸಿದಾಗ ಒಂದು ಉಳಿಯುವ ಅವಿಭಾಜ್ಯಗಳನ್ನಷ್ಟೇ ಪರೀಕ್ಷಿಸಿದರೆ ಸಾಕೆಂದು ಉಪಕಾರ ಮಾಡಿದವರಂತೆ ಹೇಳುತ್ತಾರೆ. ಅಂಥವೇ ಇನ್ನೂ ಮೂರು ಲಕ್ಷಕ್ಕೂ ಮಿಕ್ಕಿ ಬಾಕಿ ಇವೆ. ದಿನಕ್ಕೆ ಎಂಟರಂತೆ ನೂರು ವರ್ಷವೂ ಸಾಲದು. ನನಗೆ ಉಸಿರು ಕಟ್ಟುತ್ತದೆ, ಅಕ್ಕಾ.

ಹೋದ ವಾರ ಹಳೆಯ ಲೆಕ್ಕದ ಪುಸ್ತಕಗಳನ್ನು ಶುದ್ಧಪ್ರತಿ ಮಾಡುತ್ತಾ ೧೮೮೧ರ ಜನವರಿಗೆ ಬಂದೆ. ಭಾಜಕ ೨೦೭೧೭೨೩. ನೀನು ಒಳಕೋಣೆಯಲ್ಲಿ, ನಾನು ಅಡುಗೆಮನೆಯಲ್ಲಿ, ಒಬ್ಬರದನ್ನು ಇನ್ನೊಬ್ಬರು ನೋಡದೆ ಭಾಗಿಸಿ, ಕೊನೆಗೆ ಶೇಷ ಹೋಲಿಸಬೇಕೆಂಬುದು ಅಪ್ಪನ ಕಟ್ಟಪ್ಪಣೆ. ಅಂದು ಕಾಲುವೆ ಹೆಪ್ಪುಗಟ್ಟಿ, ಊರಿಗೆ ಊರೇ ಹಿಮದ ಮೇಲೆ ಜಾರಾಡಲು ಹೊರಟಿತ್ತು. ನಾನು ನಿನ್ನ ಶೇಷವನ್ನು ಕದ್ದು ಬರೆದುಕೊಂಡು ಓಡಿದೆ. ಆ ಕಳ್ಳತನ ಚುಚ್ಚಿ, ಅದೊಂದನ್ನು ಈಗ ಭಾಗಿಸಿದೆ. ನಡುವೆ ೬೬೭೫೮೩ ಇರಬೇಕಾದಲ್ಲಿ ನೀನು ೬೬೭೫೩೮ ಬರೆದಿದ್ದೀಯ. ಎಂಬತ್ತಮೂರಕ್ಕೆ 'ಮೂರು ಮತ್ತು ಎಂಬತ್ತು' ಎನ್ನುವ ನಾಲಿಗೆ ನಮ್ಮದು, ಕೈಯೂ ಮೂರನ್ನೇ ಮೊದಲು ಬರೆದಿದೆ. ಅಂಕಿ ಅದಲುಬದಲಾದರೆ ಮೊತ್ತ ಬದಲಾಗುವುದಿಲ್ಲ, ಹಾಗಾಗಿ ಅಂಕಿಗಳನ್ನು ಕೂಡಿಸಿ ನೋಡುವ ಒಂಬತ್ತರ ತಾಳೆಗೂ ಅದು ಸಿಕ್ಕಿಲ್ಲ. ನಾನು ಭಾಗಿಸಿದ್ದರೆ ಸಿಕ್ಕುತ್ತಿತ್ತು. ಮೂರು ಸಲ ಮಾಡಿ ನೋಡಿದೆ. ಶೇಷ ಸೊನ್ನೆ.

ನಾಲ್ಕು ವರ್ಷದ ಹಿಂದೆಯೇ ಮುಗಿದಿತ್ತು, ಹಿಸ್ಕೆ. ನಿನ್ನನ್ನು ದೂರುತ್ತಿಲ್ಲ, ಒಳಗಿನಿಂದ ಚಿಲಕ ಹಾಕಿಕೊಂಡವಳು ನಾನೇ. ಹೇಳಿದರೆ ಅಪ್ಪ ಕುಸಿದುಹೋದಾರು, ಹೇಳದಿದ್ದರೆ ನಾನು. ಏನು ಮಾಡಲಿ, ಬೇಗ ಬರೆ.

ಭಾವನಿಗೆ ನಮಸ್ಕಾರ. ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು.

ನಿನ್ನ ತಂಗಿ,
ರಿನ್ಸ್ಕೆ

ತಾ.ಕ.: ಲಕೋಟೆ ಅಂಟಿಸುವ ಮೊದಲೇ ತಡೆಯಲಾರದೆ ಹೇಳಿಬಿಟ್ಟೆ. ಅಪ್ಪ ಭೂತಗನ್ನಡಿ ಹಿಡಿದು ಸಾಲುಸಾಲು ನೋಡಿದರು. ಬೈಯಲಿಲ್ಲ. "ಒಳ್ಳೇದಾಯ್ತು ಮಗಳೇ, ಇದು ಮುಗೀತು" ಎಂದರು. ನನಗೆ ಅಳುವೇ ಬಂತು. ಆಮೇಲೆ ಹೊಸ ಪುಸ್ತಕ ತೆಗೆದು, ಮೊದಲ ಪುಟದಲ್ಲಿ ಹತ್ತೊಂಬತ್ತು ಒಂದುಗಳನ್ನು ಬರೆದು, ಲೇಖನಿಯನ್ನು ನನ್ನತ್ತ ಚಾಚಿದರು. ನಾನು ಮುಟ್ಟಿಲ್ಲ. ಇನ್ನೂ ಚಾಚಿಕೊಂಡೇ ಕೂತಿದ್ದಾರೆ. ಶನಿವಾರದ ಹಡಗಿಗೆ ಕಟ್ಟೆಯ ಬಳಿ ಬಂದು ನೋಡು. ನಾನು ಇಳಿಯದಿದ್ದರೆ ಲೇಖನಿ ತೆಗೆದುಕೊಂಡೆ ಎಂದು ತಿಳಿ.