ನೀನು ತೊಳೆಯುತ್ತಿದ್ದ ಸಮಾಧಿ

ಅಪ್ಪ,

ಜರ್ಮನಿಯಿಂದ ಬಂದ ನಮ್ಮ ಮುತ್ತಜ್ಜನದೆಂದು ನೀನು ಪ್ರತಿ ಈಸ್ಟರ್‌ಗೆ ಟನುಂಡಾ ಊರಿನ ಸ್ಮಶಾನದಲ್ಲಿ ತೊಳೆಯುತ್ತಿದ್ದ ಸಮಾಧಿಯ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಹಡಗಿನ ಪ್ರಯಾಣಿಕರ ಪಟ್ಟಿಯಲ್ಲಾಗಲಿ ಚರ್ಚಿನ ದಾಖಲೆಯಲ್ಲಾಗಲಿ ನಮಗೂ ಆ ಸಮಾಧಿಯಲ್ಲಿರುವ ಟ್ರೌಗಾಟ್ ನೋಸ್ಕೆಗೂ ಸಂಬಂಧವೇ ಸಿಗಲಿಲ್ಲ. ಇವತ್ತು ಕಲ್ಲಿನ ಮೇಲೆ ಮಾಸಿದ ಉಳಿದ ಅಕ್ಷರಗಳನ್ನು ಉಜ್ಜಿ ಓದೋಣವೆಂದು ಬ್ರಷ್ಷು ಹಿಡಿದು ಹೋದೆ. ಅಲ್ಲೊಬ್ಬ ಮುದುಕಿ ಬಕೆಟ್ ಇಟ್ಟುಕೊಂಡು ನಿಂತಿದ್ದಳು.

"ನಮ್ಮಜ್ಜನ ಕಲ್ಲು ಮುಟ್ಟೋಕೆ ನೀನ್ಯಾರಮ್ಮ?"

ನಿನ್ನ ಹೆಸರು ಹೇಳಿದೆ.

"ಓ, ಅವನ ಮಗಳಾ. ಅನಾಥಾಶ್ರಮದಲ್ಲಿ ಬೆಳೆದೋನು, ಪಾಪ. 'ನಂಗೆ ತೊಳೆಯೋಕೆ ಯಾರ ಸಮಾಧೀನೂ ಇಲ್ಲ, ಇದನ್ನ ತೊಳೀಲಾ' ಅಂತ ನಮ್ಮಮ್ಮನ್ನ ಕೇಳಿದ್ದ. ಎರಡು ಸಾಲು ಆಚೆ ಅವನದೇ ಸಮಾಧಿ ಇದೆಯಲ್ಲ, ಈಗ ಅದನ್ನೂ ನಾನೇ ತೊಳೀತೀನಿ."

ನನ್ನ ಬ್ರಷ್ಷು ಇನ್ನೂ ಒಣಗಿಯೇ ಇತ್ತು.