ರೋಮಿನ ಮಗು ಎಲ್ಲಿ ಇಳಿಯಿತು?

೭ ಅಕ್ಟೋಬರ್ ೨೦೦೭, ಭಾನುವಾರ. ಸಂಜೆ ೭.೩೦

ಇವತ್ತೂ ಗಂಟಲು ಕಟ್ಟಿತು. ಒಂದು ಗಂಟೆ ಸಬ್‌ಟೈಟಲ್ ಓದಿ ಓದಿ ಕನ್ನಡದಲ್ಲಿ ಹೇಳುವುದೆಂದರೆ ಒಂಬತ್ತನೇ ಕ್ಲಾಸಿಗೆ ಎರಡು ಪೀರಿಯಡ್ ಗ್ರಾಮರ್ ಮಾಡಿದ ಹಾಗೆ. ಸ್ಕೂಲಿನಲ್ಲಾದರೆ ಇಂಗ್ಲಿಷಿಗೆ ಸಂಬಳ ಕೊಡುತ್ತಾರೆ. ಇಲ್ಲಿ ಒಂದು ಲೋಟ ಚಾ.

ರೋಮ್ ಧಾರಾವಾಹಿಗೆ ಇದು ನಾಲ್ಕನೇ ವಾರ. ಅಪ್ಪ ಕ್ರಿಕೆಟ್ ಹುಡುಕುತ್ತಾ ರಿಮೋಟ್ ಒತ್ತಿದಾಗ ಸಿಕ್ಕಿದ್ದು. ಈಗ ಭಾನುವಾರ ಆರು ಗಂಟೆಗೆ ಮುಂಚೆಯೇ ಕುರ್ಚಿ ಎಳೆದುಕೊಂಡು ತಯಾರು. ಆಯಿ ನೆಲದ ಮೇಲೆ. ಬಂಗಾರಿ ಹೊಸ್ತಿಲ ಬಳಿ — ಸೊಪ್ಪು ಮಾರಿ ಮುಗಿದ ಮೇಲೆ ಅವಳ ಟೆಂಪೋ ಬರುವವರೆಗೆ ಕೂರುವ ಜಾಗ ಅದು. ಪಕ್ಕದಲ್ಲಿ ಖಾಲಿ ಬುಟ್ಟಿ.

ಅಲ್ಲಿನ ಹೆಸರುಗಳು ಯಾರ ನಾಲಿಗೆಗೂ ಹೊರಳುವುದಿಲ್ಲ. ಹಾಗಾಗಿ ಅಪ್ಪನೇ ನಾಮಕರಣ ಮಾಡಿದ್ದಾರೆ. ಭಾಷಣ ಬಿಗಿಯುವ ಮುದುಕ 'ಸಿರಸಿ ಗಾಡಿ' — ದೇವಿಮನೆ ಘಾಟಿಯಲ್ಲಿ ಪ್ರತಿ ತಿರುವಿಗೂ ಉಸಿರು ಬಿಡುವ ಹಾಗೆ ಮಾತಾಡುತ್ತಾನಂತೆ. ಮೂವತ್ತೊಂದು ವರ್ಷ ಕುಮಟಾ ಡಿಪೋದಲ್ಲಿ ಕಂಡಕ್ಟರಿಕೆ ಮಾಡಿದವರ ತಲೆಗೆ ಬೇರೆ ಎಂತ ಹೊಳೆಯುತ್ತದೆ! ಅಪ್ಪನಿಗೆ ಎಲ್ಲರಿಗಿಂತ ಇಷ್ಟ 'ಬಿಳಿ ಶಾಲು'. ದೊಡ್ಡ ಮನೆತನದ ಯಜಮಾನ. ಅವನು ಬಾಯಿ ತೆರೆದರೆ ಇಡೀ ಮನೆ ಗಪ್‌ಚುಪ್.

ಇವತ್ತು ಔತಣದ ಸೀನ್. ಎಲ್ಲರೂ ಮಂಚದ ಮೇಲೆ ಮಲಗಿಕೊಂಡೇ ಉಂಡರು. ಹೀಗೆ ಮಲಗಿ ಉಂಡರೆ ಅನ್ನ ಗಂಟಲಲ್ಲಿ ಇಳಿಯುತ್ತದಾ ಎಂದು ಆಯಿಗೆ ಚಿಂತೆ. ಆಗ ಅವರಿಗೆ ಮೆಣಸಿನಕಾಯಿಯೇ ಗೊತ್ತಿರಲಿಲ್ಲ ಎಂದು ನಾನು ಹೇಳಿದ್ದೇ ತಪ್ಪಾಯಿತು. ಬಂಗಾರಿ ಆಮೇಲೆ ಯುದ್ಧ ನೋಡಲೇ ಇಲ್ಲ. ಪಾಪ, ಇಷ್ಟು ಬಂಗಾರ ಹಾಕಿಕೊಂಡವರಿಗೆ ಒಂದು ಮೆಣಸಿಲ್ಲವಲ್ಲ ಎಂದು ಗೊಣಗುತ್ತಲೇ ಟೆಂಪೋ ಹತ್ತಿದಳು.

೧೦ ಅಕ್ಟೋಬರ್, ಬುಧವಾರ

ಲೈಬ್ರರಿಯಿಂದ ವಿಶ್ವಕೋಶದ 'ರೋಮ್' ಇರುವ ಸಂಪುಟ ತಂದೆ. ಮೀನಿಗೆ ಉಪ್ಪು ಹಾಕಿ ಬಿಸಿಲಲ್ಲಿ ಕೊಳೆಸಿ, ಅದರ ರಸವನ್ನು ಎಲ್ಲ ಅಡಿಗೆಗೂ ಹಾಕುತ್ತಿದ್ದರಂತೆ. ಓದಿ ಹೇಳಿದ ಮೇಲೆ ಆಯಿಗೆ ರೋಮಿನವರ ಮೇಲೆ ಸ್ವಲ್ಪ ಗೌರವ ಬಂದಿದೆ. ಯಾವ ಮೀನು, ಬಂಗಡೆಯೋ ತಾರ್ಲೆಯೋ ಎಂದು ಕೇಳಿದಳು. ಪುಸ್ತಕದಲ್ಲಿ ಇಲ್ಲ.

ಮಧ್ಯಾಹ್ನ ತಂಗಿ ಸುಪ್ರಿಯಾ ಫೋನ್ ಮಾಡಿದ್ದಳು. ಸ್ಕೂಲಿನ ಹಿಂದೆ ಹೋಗಿ ಮಾತಾಡಿದೆ. ಎಂಟು ತಿಂಗಳು ತುಂಬಿತು. ಕಾಲು ಬಾತಿದೆ. ಗಂಡ ಪ್ರವೀಣ ಬೋಟ್ ಇಂಜಿನ್ ರಿಪೇರಿಗೆಂದು ಬೆಳಿಗ್ಗೆಯೇ ಹೊನ್ನಾವರ ಬಂದರಿಗೆ ಹೋದರೆ ಮನೆಯಲ್ಲಿ ಇವಳೊಬ್ಬಳೇ. ಅವನ ತಾಯಿ ಇಲ್ಲ. ಚೊಚ್ಚಲ ಬಾಣಂತನ ತವರಲ್ಲಿ ಆಗಬೇಕು. ಅವಳು ಅದನ್ನು ಕೇಳಲಿಲ್ಲ. "ಅಪ್ಪ ಎಂತಾದ್ರೂ ಅಂದ್ರ?" ಅಂದಳು ಅಷ್ಟೇ.

ಅಪ್ಪ ಎಂತ ಅನ್ನುವುದು. ಬೇರೆ ಜಾತಿಯವನ ಜೊತೆ ಹೋದ ದಿನ "ನನ್ನ ಪಾಲಿಗೆ ಅದು ಸತ್ತೋತು" ಅಂದವರು, ಒಂದೂವರೆ ವರ್ಷವಾಯಿತು, ತಂಗಿಯ ಹೆಸರು ಎತ್ತಿಲ್ಲ. ನಾವೂ ಎತ್ತುವ ಹಾಗಿಲ್ಲ.

೧೪ ಅಕ್ಟೋಬರ್, ಭಾನುವಾರ

ಏನು ಗ್ರಹಚಾರವೋ. ಬಿಳಿ ಶಾಲಿನ ಮಗಳು ಒಬ್ಬ ಸಿಪಾಯಿಯ ಜೊತೆ ಹೊರಟಳು. ಶಾಲಿನವ ಅಂಗಳದಲ್ಲಿ ನಿಂತು ಹೇಳಿದ — ನನಗೆ ನೀನು ಸತ್ತೆ. ಸಬ್‌ಟೈಟಲ್ ಕಣ್ಣೆದುರೇ ಇತ್ತು. ಹೆತ್ತ ಆಯಿಯ ಮುಂದೆ ಆ ಮಾತು ಇನ್ನೊಂದು ಸಲ ಬೇಡ ಅನಿಸಿತು. "ಇನ್ನು ಈ ಮನೆಗೆ ಬರಬೇಡ" ಎಂದುಬಿಟ್ಟೆ. ಯಾರಿಗೂ ಗೊತ್ತಾಗಲಿಲ್ಲ. ಇಷ್ಟು ಸುಲಭವಾ!

ಅಪ್ಪ ತಲೆಯಾಡಿಸಿದರು. ಯಜಮಾನ ಅಂದರೆ ಹೀಗಿರಬೇಕಂತೆ. ಆಯಿ ಒಗ್ಗರಣೆಯ ನೆಪದಲ್ಲಿ ಎದ್ದು ಹೋದಳು. ಒಲೆ ಹಚ್ಚಿರಲೇ ಇಲ್ಲ.

ಬಂಗಾರಿ ಮಾತ್ರ ಟಿವಿ ಬಿಟ್ಟು ಅಪ್ಪನನ್ನೇ ನೋಡಿ ಕೇಳಿದಳು, "ಅಲ್ಲ ಕಂಡಟ್ರೆ, ಆ ಹುಡ್ಗಿ ಹೆರೂಕೆ ಎಲ್ಲಿಗೆ ಹೋಗ್ತದೆ?"

ಅಪ್ಪ ಜಾಹೀರಾತಿನ ವಾಲ್ಯೂಮ್ ಜಾಸ್ತಿ ಮಾಡಿದರು.

೨೮ ಅಕ್ಟೋಬರ್, ಭಾನುವಾರ

ಹೋದ ವಾರ ವಿಜಯದಶಮಿ, ಬರೆಯಲಾಗಲಿಲ್ಲ.

ಇವತ್ತಿನ ಕೊನೆಯಲ್ಲಿ ಮುಂದಿನ ವಾರದ ತುಣುಕು ತೋರಿಸಿದರು. ಮಗಳು ಬಟ್ಟೆಯಲ್ಲಿ ಸುತ್ತಿದ ಶಿಶುವನ್ನು ಬಿಳಿ ಶಾಲಿನ ಕಾಲ ಬಳಿ ನೆಲದ ಮೇಲೆ ಇಡುತ್ತಾಳೆ. ಅಷ್ಟೇ, ಕಟ್. ನೆಲದಲ್ಲಿ ಯಾಕೆ ಇಟ್ಟಳು ಎಂದು ಎಲ್ಲರೂ ಕೇಳಿದರು. ವಿಶ್ವಕೋಶ ಬಿಚ್ಚಿದೆ. ಹುಟ್ಟಿದ ಮಗುವನ್ನು ಯಜಮಾನನ ಮುಂದೆ ನೆಲದಲ್ಲಿ ಇಡುವುದು ಅವರ ಪದ್ಧತಿ. ಅವನು ಬಗ್ಗಿ ಎತ್ತಿಕೊಂಡರೆ ಮಗು ಆ ಮನೆಯದು. ಎತ್ತದಿದ್ದರೆ ಊರ ಹೊರಗೆ ದಾರಿಯಲ್ಲಿ.

ಓದಿ ಹೇಳಿ ಪುಸ್ತಕ ಮುಚ್ಚಿದೆ. ಆಮೇಲೆ ಅಪ್ಪ, ಅವನು ಎತ್ತುವುದಿಲ್ಲ ಬಿಡು, ಗಟ್ಟಿ ಮನುಷ್ಯ ಅಂದರು. ಅಂದವರು ಊಟ ಮಾಡುವಾಗ ಮತ್ತೆ ತಾವೇ, ಎತ್ತಿದರೂ ಎತ್ತಿಯಾನು, ಹೇಳಲಿಕ್ಕಾಗದು ಅಂದರು.

೪ ನವೆಂಬರ್, ಭಾನುವಾರ. ರಾತ್ರಿ ಊಟದ ನಂತರ

ಅಪ್ಪ ಇರಲಿಲ್ಲ. ಜೊತೆಯಲ್ಲಿ ಕೆಲಸ ಮಾಡಿದ ಭಾಸ್ಕರಣ್ಣನ ಮಗಳ ನಿಶ್ಚಿತಾರ್ಥಕ್ಕೆ ಭಟ್ಕಳಕ್ಕೆ ಹೋದವರಿಗೆ ವಾಪಸು ಬಸ್ಸು ತಪ್ಪಿತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಇರಬೇಕು!

ಬಿಳಿ ಶಾಲು ಎತ್ತಲಿಲ್ಲ.

ತುಂಬಾ ಹೊತ್ತು ನೋಡಿದ. ಶಾಲು ಸರಿಮಾಡಿಕೊಂಡು ಒಳಗೆ ಹೋದ. ಮನೆಯ ಆಳು ಹೆಂಗಸು ಮಗುವನ್ನು ತಂದು ಊರ ಬಾಗಿಲ ಹೊರಗೆ, ಗಾಡಿ ದಾರಿಯ ಪಕ್ಕದಲ್ಲಿ ಬಿಟ್ಟು ಓಡಿದಳು. ಆಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಬಂಗಾರಿ ಎದ್ದು ಬುಟ್ಟಿ ತೆಗೆದುಕೊಂಡು, ಟೆಂಪೋಕ್ಕೆ ಇನ್ನೂ ಹೊತ್ತಿರುವಾಗಲೇ, ಹೇಳದೆ ಕೇಳದೆ ಹೊರಟಳು.

ಎಂಟು ಗಂಟೆಗೆ ಅಪ್ಪ ಬಂದರು. ಚಪ್ಪಲಿ ಬಿಡುತ್ತಲೇ, "ಎಂತ ಆತು?"

"ಎತ್ತಿದ" ಅಂದೆ.

ಯಾಕೆ ಅಂದೆನೋ. ಮೊದಲೇ ಯೋಚಿಸಿರಲಿಲ್ಲ. ಒಮ್ಮೆ ಬಾಯಿಬಿಟ್ಟ ಮೇಲೆ ನಿಲ್ಲಲಿಲ್ಲ. ಮೊದಲು ಮುಖ ತಿರುಗಿಸಿದ, ಆಮೇಲೆ ಮಗು ಕೈ ಆಡಿಸಿತು, ಆಮೇಲೆ ನಿಧಾನ ಬಗ್ಗಿದ, ಮೊಣಕಾಲು ನೋಯುತ್ತಿತ್ತು ಅಂತ ಕಾಣುತ್ತದೆ, ಶಾಲು ಜಾರಿತು, ಅದನ್ನೂ ಲೆಕ್ಕಿಸದೆ ಎತ್ತಿಕೊಂಡ — ಇಷ್ಟು ಹೇಳಿದೆ. ಅಪ್ಪ ಒಂದು ಕಾಲಲ್ಲಿ ಚಪ್ಪಲಿ ಇಟ್ಟುಕೊಂಡೇ ಕೇಳಿದರು.

"ಮಾತಾಡ್ನ?"

"ಇಲ್ಲ. ಎತ್ತಿಕೊಂಡ ಅಷ್ಟೇ."

"ಹೂಂ" ಅಂದು ಕೈಕಾಲು ತೊಳೆಯಲು ಹೋದರು. ಆಯಿ ನನ್ನ ಮುಖ ನೋಡಿದಳು. ಬಡಿಸುವಾಗ ದೊಡ್ಡ ಬಂಗಡೆ ನನ್ನ ಬಟ್ಟಲಿಗೆ ಬಿತ್ತು.

೬ ನವೆಂಬರ್, ಮಂಗಳವಾರ

ಬಂಗಾರಿ ಹರಿವೆ ತಂದಿದ್ದಳು. ಯಾಕೆ ಎದ್ದುಹೋದೆ ಎಂದು ಕೇಳಿದೆ. ನಾಟಿಯಲ್ಲಿ, ಮದುವೆಯಲ್ಲಿ ರಾತ್ರಿಯಿಡೀ ಹಾಡುವವಳು ಅವಳು. ಕಥೆಯ ಹಾಡಿನಲ್ಲಿ ಕೂಸನ್ನು ನೆಲಕ್ಕೆ ಇಳಿಸಿದವಳೇ ಅದನ್ನು ಎತ್ತಿಸಿ ಹಾಡು ಮುಗಿಸಬೇಕು ಎಂದು ಅವಳ ಅವ್ವಿ ಕಲಿಸಿದ್ದಂತೆ. "ಕೂಸಿನ್ನ ದಾರಿ ಮೇಲೆ ಬಿಟ್ಟಿಕೆ ಚಾ ಪುಡಿ ಮಾರೂಕೆ ಹೋದ್ರಲ್ಲ ಅಕ್ಕೋರೆ" ಅಂದಳು. ಜಾಹೀರಾತು ಬಂದದ್ದಕ್ಕೆ.

ಸುಪ್ರಿಯಾ ಫೋನಿನಲ್ಲಿ ಅಳುತ್ತಿದ್ದಳು. ಅವಳಿಗೂ ಪ್ರತಿ ವಾರ ಕಥೆ ಹೇಳುತ್ತೇನೆ, ಅವರ ಕೇಬಲ್ಲಿಗೆ ಆ ಚಾನೆಲ್ ಬರುವುದಿಲ್ಲ. ಆ ಮಗು ಏನಾಯಿತು ಎಂದಳು. ಎತ್ತಿದ ಎಂದೆ. ಅವಳಿಗೂ.

"ಅಪ್ಪ ಕಥೆ ಕೇಳಿದ್ರ?"

ಕೇಳಿದರು, ಚಪ್ಪಲಿ ಹಾಕಿಕೊಂಡೇ ಕೇಳಿದರು ಎಂದೆ. ಅಷ್ಟಾದರೂ ನಿಜವಲ್ಲವಾ.

೭ ನವೆಂಬರ್, ಬುಧವಾರ

ಮರುಪ್ರಸಾರ! ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ನಾನು ಸ್ಕೂಲಿನಲ್ಲಿರುವ ಹೊತ್ತು, ನನಗೆ ನೆನಪೇ ಇಲ್ಲ.

ಸಂಜೆ ಬಂದಾಗ ಟಿವಿ ಆಫ್. ಅಪ್ಪ ಅದರ ಎದುರೇ ಕೂತಿದ್ದರು.

"ಇಂಗ್ಲಿಷ್ ನಂಗೆ ಬರೂದಿಲ್ಲ. ಕಣ್ಣು ಕಾಣ್ತದೆ."

ಬಸ್ಸಿನಲ್ಲಿ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರನ್ನು ನೋಡುವ ಹಾಗೆ ನೋಡಿದರು. "ಎಷ್ಟು ವಾರದಿಂದ ಈ ಸುಳ್ಳು?" ಎಂದು ಕೇಳಿದರು. ಎರಡು ಕಡೆ ಎಂದು ಒಪ್ಪಿಕೊಂಡೆ. ಇನ್ನೊಂದು ಯಾವುದು ಎಂದರು. ಶಾಲಿನವ ಮಗಳಿಗೆ ನಿಜವಾಗಿ ಅಂದದ್ದೇನು ಎಂಬುದನ್ನು ಹೇಳಿದೆ.

ಅಪ್ಪ ಎದ್ದು ಜಗಲಿಗೆ ಹೋದರು. ಅವಮಾನವಾಯಿತು, ಭಯವೂ ಆಯಿತು. ಮನೆಯಲ್ಲಿ ಇದ್ದೊಂದು ಸಂಜೆಯ ಖುಷಿಯನ್ನೂ ನಾನೇ ಕೆಡಿಸಿದೆ.

೧೧ ನವೆಂಬರ್, ಭಾನುವಾರ

ದೀಪಾವಳಿಯಲ್ಲೂ ಮಾತಿಲ್ಲ. ಇವತ್ತು ಅಪ್ಪ ಟಿವಿ ಎದುರು ಕೂರಲಿಲ್ಲ, ಹೊರಗೆ ಜಗಲಿಯಲ್ಲಿ ಕೂತರು. ನಾನು ಓದಿ ಹೇಳಿದೆ, ಒಂದಕ್ಷರ ಬಿಡದೆ. ಯುದ್ಧ, ಚುನಾವಣೆ, ಸಿರಸಿ ಗಾಡಿಯ ಭಾಷಣ. ಮಗುವಿನ ಸುದ್ದಿಯೇ ಇಲ್ಲ.

ಮುಗಿದ ಮೇಲೆ ಹೊರಗಿನಿಂದಲೇ, ಆ ಮಗು ಎಂತ ಆಯಿತು ಎಂದು ಕೇಳಿದರು. ನನ್ನನ್ನಲ್ಲ, ಬಂಗಾರಿಯನ್ನು. ತೋರಿಸಲಿಲ್ಲ ಎಂದಳು.

೧೩ ನವೆಂಬರ್, ಮಂಗಳವಾರ

ಅಪ್ಪನಿಗೆ ಇದೊಂದು ಗೀಳಾಗಿದೆ. ಮಗು ಎಲ್ಲಿ ಹೋಯಿತು ಎಂದು ಪುಸ್ತಕದಲ್ಲಿ ನೋಡು ಅನ್ನುತ್ತಾರೆ. ಸ್ಕೂಲಿನ ಕಂಪ್ಯೂಟರ್ ಮಾಸ್ತರಿಗೆ ಹೇಳಿ ಇಂಟರ್ನೆಟ್ಟಿನಲ್ಲಿ ಹುಡುಕಿಸು ಅನ್ನುತ್ತಾರೆ. ಅದು ಕಥೆ ಅಪ್ಪ, ಬರೆದವರು ಮರೆತಿರಬೇಕು ಎಂದೆ. ಸಿಟ್ಟು ಬಂತು.

"ಹತ್ತಿದ ಮೇಲೆ ಇಳೀಲೇ ಬೇಕಲ್ಲ. ಎಲ್ಲಿ ಇಳೀತು?"

ಒಂದು ಸಲ ಘಾಟಿಯಲ್ಲಿ ಬಸ್ಸು ಕೆಟ್ಟಾಗ ಕತ್ತಲಲ್ಲಿ ಒಂದು ತಲೆ ಕಡಿಮೆಯಾಗಿದ್ದಕ್ಕೆ ಅರ್ಧ ಮೈಲಿ ಹಿಂದಕ್ಕೆ ನಡೆದು ಒಬ್ಬ ಮುದುಕಿಯನ್ನು ಕರೆತಂದವರು ಇವರು. ನಮಗೆ ಚಿಕ್ಕಂದಿನಿಂದ ನೂರು ಸಲ ಹೇಳಿದ್ದಾರೆ. ಒಂದು ತಲೆ ಕಡಿಮೆಯಾದರೆ ಇವರಿಗೆ ನಿದ್ದೆ ಬರುವುದಿಲ್ಲ. ಹಾಗಾದರೆ ಒಂದೂವರೆ ವರ್ಷ ಹೇಗೆ ಬಂತು? ಕೇಳಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

೧೪ ನವೆಂಬರ್. ಬೆಳಿಗ್ಗೆ ೯.೧೦

ಸುಪ್ರಿಯಾಗೆ ಹೆಣ್ಣು. ಹೊನ್ನಾವರದಲ್ಲಿ. ಇಬ್ಬರೂ ಚೆನ್ನಾಗಿದ್ದಾರೆ. ಪ್ರವೀಣ ಫೋನಿನಲ್ಲಿ ನನ್ನನ್ನು 'ಮೇಡಂ' ಅಂದ, ಪಾಪ.

ಆಯಿಗೆ ಗಟ್ಟಿಯಾಗಿ ಹೇಳಿದೆ, ಅಪ್ಪನಿಗೆ ಕೇಳಲಿ ಎಂದೇ. ಪೇಪರ್ ಮಗುಚುವ ಸದ್ದು ನಿಂತಿತು. ಮತ್ತೆ ಶುರುವಾಯಿತು.

೧೮ ನವೆಂಬರ್, ಭಾನುವಾರ

ಕೊನೆಯ ಕಂತು. ಅಪ್ಪ ತಾವಾಗಿ ಕುರ್ಚಿಗೆ ಬಂದರು. ಬಿಳಿ ಶಾಲು ಸತ್ತ. ದೊಡ್ಡ ಮೆರವಣಿಗೆ, ಕಹಳೆ. ಅಪ್ಪ ಮೆರವಣಿಗೆಯ ಎರಡೂ ಕಡೆ ನಿಂತ ಜನರಲ್ಲಿ ಏನನ್ನೋ ಹುಡುಕುತ್ತಿದ್ದರು. ನಟರ ಹೆಸರುಗಳು ಮೇಲೆ ಹೋಗಲು ಶುರುವಾದವು. "ಇಂವ ಸತ್ತೇ ಹೋದ. ಮಗು?"

ಆಗ ಬಂಗಾರಿ ನಗುತ್ತಾ, ತನಗೆ ಸಿಕ್ಕಿತು ಎಂದಳು. ಕಳೆದ ವಾರ ಕೊಯ್ಲಿನಲ್ಲಿ ಆ ಕಥೆಯನ್ನು ಹಾಡಿಗೆ ಕಟ್ಟಿದ್ದಾಳಂತೆ. ಸಂತೆ ಮುಗಿಸಿ ಬರುತ್ತಿದ್ದ ಸೊಪ್ಪಿನವಳಿಗೆ ದಾರಿಯಲ್ಲಿ ಮಗು ಕಂಡಿತು, ಖಾಲಿ ಬುಟ್ಟಿ ಇತ್ತಲ್ಲ, ಹಾಕಿಕೊಂಡಳು. ಗದ್ದೆಯ ಹೆಂಗಸರೆಲ್ಲ ಆಗಲೇ ಕಲಿತಿದ್ದಾರೆ.

"ಯಾರೋ ಒಬ್ರು ಎತ್ತೂದೇಯ ಕಂಡಟ್ರೆ. ಮನೇವ್ರು ಎತ್ತಿರೆ ಮನೇಲಿ ಬೆಳೀತದೆ" ಅಂದು ಟೆಂಪೋಕ್ಕೆ ಹೊರಟಳು.

ಅಪ್ಪ ಖಾಲಿ ಹೊಸ್ತಿಲನ್ನು ನೋಡುತ್ತಾ ಕೂತರು. ಟಿವಿಯಲ್ಲಿ ಸೋಪಿನ ಜಾಹೀರಾತು.

೨೫ ನವೆಂಬರ್, ಭಾನುವಾರ. ಸಂಜೆ ೫.೪೦

ಬೇಗ ಬರೆಯಬೇಕು.

ಇವತ್ತು ಹನ್ನೆರಡನೇ ದಿನ, ತೊಟ್ಟಿಲಿಗೆ ಹಾಕುವ ದಿನ. ನಾಲ್ಕು ಗಂಟೆಗೆ ಗೇಟಿನ ಹತ್ತಿರ ಆಟೋ ನಿಂತಿತು. ಸುಪ್ರಿಯಾ! ತಲೆಗೆ ಬಟ್ಟೆ ಕಟ್ಟಿಕೊಂಡು, ಮಗುವನ್ನು ಎದೆಗೆ ಒತ್ತಿಕೊಂಡು ಬಂದಳು. ಪ್ರವೀಣ ಮೆಟ್ಟಿಲ ಬಳಿಯೇ ನಿಂತ. ನಾನು ಕರೆದಿರಲಿಲ್ಲ. ಆಯಿಯೂ ಕರೆದಿರಲಿಲ್ಲ. ಒಳಗೆ ಬಂದವಳೇ ಅಪ್ಪನ ಕುರ್ಚಿಯ ಮುಂದೆ ಮಗುವನ್ನು ನೆಲದ ಮೇಲೆ ಇಟ್ಟಳು.

ನಾನು ಹೇಳಿದ ಕಥೆಯನ್ನು ನಂಬಿ ಬಂದಿದ್ದಾಳೆ. ಆ ರೋಮಿನ ಕಲ್ಲೆದೆಯವನೇ ಎತ್ತಿದ ಮೇಲೆ ನಮ್ಮಪ್ಪ ಎತ್ತದೆ ಇರುತ್ತಾರಾ ಎಂದು. ಅವನು ಎತ್ತಲಿಲ್ಲ ಎಂಬುದು ಅವಳೊಬ್ಬಳಿಗೆ ಗೊತ್ತಿಲ್ಲ. ಅಪ್ಪನಿಗೆ ಗೊತ್ತು.

ಅಪ್ಪ ಎದ್ದು ನಿಂತರು. ಒಳಗೆ ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಮಗುವನ್ನು ನೋಡಿದರು. ನನ್ನ ಕಡೆ ತಿರುಗಿದರು.

"ಹೇಳು ರೇಖಾ. ಆಮೇಲೆ ಎಂತ ಆತು?"

ಹೇಳಿದೆ. ಮೊದಲು ಮುಖ ತಿರುಗಿಸಿದ. ಆಮೇಲೆ ಮಗು ಕೈ ಆಡಿಸಿತು... ಆಮೇಲೆ ನಿಧಾನ ಬಗ್ಗಿದ... ಮೊಣಕಾಲು ನೋಯುತ್ತಿತ್ತು... ನಾನು ಹೇಳುತ್ತಾ ಹೋದ ಹಾಗೆ ಅಪ್ಪ ಒಂದು ಕೈಯಲ್ಲಿ ಕುರ್ಚಿ ಹಿಡಿದು ಬಗ್ಗುತ್ತಾ ಹೋದರು. ಹೆಗಲ ಮೇಲಿನ ಟವೆಲ್ ಜಾರಿ ಬಿತ್ತು. ಅದನ್ನು ಎತ್ತಲಿಲ್ಲ. ಮಗುವನ್ನು ಎತ್ತಿದರು.

ನನ್ನ ಕಥೆಯ ಶಾಲಿನವನ ಹಾಗೆಯೇ ಮಾತೂ ಆಡಲಿಲ್ಲ. ಆಯಿ ಗೋಡೆಗೆ ಒರಗಿ ಅತ್ತಳು, ನಾನೂ ಅತ್ತೆ. ಅಪ್ಪ ಬಾಗಿಲ ಕಡೆ ನೋಡಿ, "ಫುಟ್‌ಬೋರ್ಡ್ ಮೇಲೆ ನಿಲ್ಲೂಕಿಲ್ಲ. ಒಳಗೆ ಬಾ" ಅಂದರು, ಪ್ರವೀಣನಿಗೆ.

ಈಗ ಅಟ್ಟದಿಂದ ತೊಟ್ಟಿಲು ಇಳಿಸುತ್ತಿದ್ದಾರೆ. ನಾನು, ಸುಪ್ರಿಯಾ ಮಲಗಿದ್ದ ತೊಟ್ಟಿಲು. ಬಂಗಾರಿ ಬರುವ ಹೊತ್ತಾಯಿತು, ಹಾಡಲು ಅವಳೇ ಬೇಕು ಎಂದು ಆಯಿ. ಅಪ್ಪ ಏಣಿಯ ಮೇಲಿನಿಂದಲೇ ಕೂಗುತ್ತಿದ್ದಾರೆ, ರೇಖಾ, ಕೆಳಗೆ ಹಿಡಕೊ, ಬರಿಯೂದು ಆಮೇಲೆ ಬರಿ —